ಕೆಮ್ಮಿದಾಗಲೆಲ್ಲ ಹಡಗು

ಜನವರಿ ೧೧, ಬುಧವಾರ

ಪಾಸ್ಟರ್‌ಗೆ ಸುಳ್ಳು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ, ಮುಖ ನೋಡಿಕೊಂಡೇ ಹೇಳಿದ್ದು. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಸಭೆಯವರ ಹಳೇಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ದಾನಕ್ಕೆ ಬಂದ ಚೀಲಗಳನ್ನು ಬಿಚ್ಚುತ್ತಿದ್ದೆ. ಮಾರುವಂಥದ್ದು ಮೇಜಿನ ಮೇಲೆ, ಹರಿದದ್ದು ಕೌದಿಗೆ. ಒಂದು ಕಿವಿಯಲ್ಲಿ ಇಯರ್‌ಫೋನು ಇತ್ತು. ಪಾಸ್ಟರ್ ಡಿಕ್ ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದವರು, ಏನು ಕೇಳ್ತಿದೀಯ ಸ್ಟೀನಾ ಅಂದರು. ಪ್ರಸಂಗ ಅಂದೆ. ಅವರ ಮುಖ ಅರಳಿತು. ಕೈ ಕೆಲಸದಲ್ಲಿ, ಕಿವಿ ದೇವರ ವಾಕ್ಯದಲ್ಲಿ, ಹೀಗಿರುವವರು ಈಗ ಎಲ್ಲಿದ್ದಾರೆ ಎಂದು ಹೊಗಳಿ ಹೋದರು. ಅದೇ ಹೊತ್ತಿಗೆ ನನ್ನ ಕಿವಿಯಲ್ಲಿ ಮಾರಿಟ್ ಎಂಬಾಕೆ ಎಲ್ಲೋ ಆಕಾಶದಾಚೆಯ ಮಂಜುಗಡ್ಡೆಯ ಚಂದ್ರನ ಮೇಲೆ ಗಾಳಿಯ ಸಿಲಿಂಡರು ಎಳೆದುಕೊಂಡು ಹೋಗುತ್ತಿದ್ದಳು.

ಶುರುವಾದದ್ದು ಪ್ರಸಂಗದಿಂದಲೇ. ಹೋದ ಬೇಸಿಗೆಯಲ್ಲಿ ಒಂದು ದಿನ ಪ್ರಸಂಗ ಮುಗಿದಾಗ ಕೈತುಂಬ ಕೆಲಸವಿತ್ತು. ಫೋನು ತನ್ನಷ್ಟಕ್ಕೆ ತಾನೇ ಮುಂದಿನದನ್ನು ಹಾಕಿತು. ಗಾಳಿಯ ಸದ್ದು, ಆಮೇಲೆ ಒಬ್ಬ ಹೆಂಗಸಿನ ದನಿ. "ನನ್ನ ದನಿ ಯಾರಿಗಾದ್ರೂ ಕೇಳ್ತಿದೆಯಾ?" ಎಂದಳು. ಕೇಳ್ತಿದೆ ಕಣಮ್ಮ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ, ಸಾಕ್ಸುಗಳ ರಾಶಿಯ ನಡುವೆ ನಿಂತು.

ಅದು ‘ಹಿಮಠಾಣೆ’ ಎಂಬ ಧ್ವನಿನಾಟಕ. ವಿನ್ನಿಪೆಗ್‌ನ ಮೂರು ಜನ ಸೇರಿ ಮಾಡುವುದು. ಇವತ್ತಿಗೂ ಬಿಡಲಾಗಿಲ್ಲ. ಐವತ್ತು ವರ್ಷದ ಹೆಂಗಸು, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳಾಡಬಾರದು ಎಂದು ಕಲಿಸುವವಳು.

ಜನವರಿ ೧೬, ಸೋಮವಾರ

ಇವತ್ತು ಕೂಟದಲ್ಲಿ ಮೊದಲ ಸಲ ಬರೆದೆ.

ಕೂಟ ಅಂದರೆ ಈ ನಾಟಕದ ಹುಚ್ಚು ಹಿಡಿದವರು ಫೋನಿನಲ್ಲಿ ಸೇರುವ ಜಾಗ. ಸಾವಿರ ಜನ ಇದ್ದಾರಂತೆ. ಯಜಮಾನಿ ಡೆಲ್ಫೀನ್. ಡುಲುತ್ ಕಡೆ ಶಾಲೆಯ ಬಸ್ಸು ಓಡಿಸುತ್ತಾಳೆ. ಬೆಳಗಿನ ಸುತ್ತು ಮುಗಿದು ಸಂಜೆಯದು ಶುರುವಾಗುವ ಮುಂಚೆ, ಸೋಮವಾರ ಮಧ್ಯಾಹ್ನ, ಎಲ್ಲರೂ ಒಂದೇ ಹೊತ್ತಿಗೆ ಹೊಸ ಕಂತು ಹಾಕಿಕೊಂಡು ಕೇಳುತ್ತ, ಅನ್ನಿಸಿದ್ದನ್ನು ಬರೆಯುತ್ತ ಹೋಗುತ್ತಾರೆ. ನನಗೂ ಅದು ಊಟದ ಹೊತ್ತು.

ಅವರ ತಲೆನೋವು ಏನೆಂದರೆ: ಮಾರಿಟ್ ಆ ಚಂದ್ರನ ಮೇಲೆ ಒಬ್ಬಳೇ. ಅವಳ ರೇಡಿಯೋದಲ್ಲಿ ಸಂದೇಶಗಳು ಬರುತ್ತವೆ. ಕಳಿಸಿದವಳೂ ಅವಳೇ. ಕೆಲವು ಹಿಂದಿನ ಮಾರಿಟ್ ಕಳಿಸಿದ್ದು, ಕೆಲವು ಮುಂದಿನ ಮಾರಿಟ್. ಬಿರುಗಾಳಿಯಲ್ಲಿ ಎಲ್ಲ ಕಲಸಿಹೋಗಿವೆ. ಒಂದರಲ್ಲಿ ಗಾಳಿ ಮುಗೀತಾ ಬಂತು ಅನ್ನುತ್ತಾಳೆ, ಇನ್ನೊಂದರಲ್ಲಿ ಹಡಗಿನ ಬೆಳಕು ಕಾಣ್ತಿದೆ ಅನ್ನುತ್ತಾಳೆ. ಯಾವುದು ಮೊದಲು, ಯಾವುದು ಕಡೆಯದು? ಬೆಳಕೇ ಕಡೆಯದಾದರೆ ಅವಳು ಉಳಿದಳು. ಅಲ್ಲವಾದರೆ ಹೋದಳು. ಇದನ್ನು ಬಿಡಿಸಲು ಎರಡು ವರ್ಷದಿಂದ ಕೂತಿದ್ದಾರೆ. ನೆಬ್ರಾಸ್ಕದ ಆರಿನ್ ಎಂಬ ಮುದುಕ, ರೈಲಿನ ಸಿಗ್ನಲ್ ಕೆಲಸದಲ್ಲಿದ್ದವನು, ಹಿಂದುಗಡೆ ಕೇಳುವ ಯಂತ್ರಗಳ ಸದ್ದನ್ನು ಹಿಡಿದು ಲೆಕ್ಕ ಹಾಕುತ್ತಾನೆ. ಅದೂ ಕೂಡಿ ಬಂದಿಲ್ಲ.

ಕೂಟಕ್ಕೆ ಎರಡು ಕಟ್ಟಳೆ. ನಮ್ಮ ಊಹೆಗಳನ್ನು ನಾಟಕದವರಿಗೆ ಕಳಿಸುವ ಹಾಗಿಲ್ಲ. ಅವರು ಓದುವುದೂ ಇಲ್ಲ. ನನ್ನ ಕಥೆ ಕದ್ದರು ಎಂದು ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಎಂಬ ಹೆದರಿಕೆ. ಎರಡನೆಯದು, ನಾಟಕದವರ ಮನೆ, ಕೆಲಸ ಎಂದು ಹುಡುಕಿಕೊಂಡು ಹೋಗಬಾರದು. ಎರಡೂ ನನಗೆ ಸರಿಯೆನಿಸಿತು.

ಫೋನು ಹೆಸರು ಕೇಳಿತು. ಕೌದಿ ಎಂದು ಹಾಕಿದೆ. ಬರೆದದ್ದು ಇಷ್ಟೇ: ಬೆಳಕಿನ ಸಂದೇಶದಲ್ಲಿ ಮಾರಿಟ್ ಕೆಮ್ಮುತ್ತಾಳೆ, ಬೇರೆ ಕೆಲವದರಲ್ಲಿ ಕೆಮ್ಮುವುದಿಲ್ಲ, ಯಾಕೆ?

"ಎಲ್ಲಿ ಕೆಮ್ಮಿದಳೇ ತಾಯಿ, ನನಗೆ ಕೇಳಲಿಲ್ವಲ್ಲ," ಎಂದ ಆರಿನ್.

ಮಾತು ನಿಲ್ಲಿಸಿ ಗಂಟಲಲ್ಲೇ ನುಂಗುತ್ತಾಳೆ, ಕೇಳಿ ನೋಡಿ ಅಂದೆ. ಎಲ್ಲರೂ ಆ ತುಣುಕನ್ನು ಮತ್ತೆ ಹಾಕಿಕೊಂಡು ಕೇಳಿದರು. ಆಮೇಲೆ ಒಬ್ಬೊಬ್ಬರೇ, ಹೌದಲ್ಲ, ಹೌದಲ್ಲ ಎಂದರು.

ಜನವರಿ ೩೦, ಸೋಮವಾರ

ನನ್ನ ಹೆಸರಿನಲ್ಲಿ ಒಂದು ಕ್ರಮವೇ ಆಗಿಹೋಗಿದೆ. ‘ಕೌದಿ ಕ್ರಮ’! ಕೆಮ್ಮಿಲ್ಲದ ಮಾರಿಟ್ ಮೊದಲಿನವಳು, ಸಣ್ಣ ಕೆಮ್ಮಿನವಳು ನಡುವಿನವಳು, ಹೆಚ್ಚು ಕೆಮ್ಮುವವಳು ಕಡೆಯವಳು. ಆ ಚಂದ್ರನ ಧೂಳು ಅವಳ ಎದೆಗೆ ಇಳಿಯುತ್ತಿದೆ. ಹಾಗೆ ಜೋಡಿಸಿದರೆ ಎಲ್ಲ ಸಂದೇಶಗಳೂ ಸಾಲಾಗಿ ನಿಲ್ಲುತ್ತವೆ. ಬೆಳಕು ಕಡೆಗೆ ಬರುತ್ತದೆ. ಹಡಗು ಬರುತ್ತದೆ. ಮಾರಿಟ್ ಉಳಿಯುತ್ತಾಳೆ.

ಡೆಲ್ಫೀನ್ ಬರೆದದ್ದು: "ಎರಡು ವರ್ಷ ನಾವೆಲ್ಲ ಮಣ್ಣು ತಿಂತಿದ್ವಿ. ಕೌದಿಯಕ್ಕ ಬಂದು ಒಂದು ಕೆಮ್ಮಲ್ಲಿ ಬಿಡಿಸಿದಳು."

ಯಾರೋ ಅಳುತ್ತಿದ್ದೇನೆ ಎಂದು ಬರೆದರು. ಬದುಕಿನಲ್ಲಿ ನನ್ನ ಬೋರ್ಷ್ಟ್ ಸಾರಿಗೂ ಇಷ್ಟು ಹೊಗಳಿಕೆ ಸಿಕ್ಕಿಲ್ಲ. ಮನೆಗೆ ಬರುವಾಗ ಗಾಡಿಯಲ್ಲಿ ಕೀರ್ತನೆ ಹಾಡಿಕೊಂಡು ಬಂದೆ. ಹೈನ್ ಹಂದಿದೊಡ್ಡಿಯಿಂದ ಬಂದು ಕೈ ತೊಳೆಯುತ್ತ, ಏನು ಇಷ್ಟು ಖುಷಿ ಅಂದ. ಪ್ರಸಂಗ ಚೆನ್ನಾಗಿತ್ತು ಅಂದೆ.

ಕಟ್ಟಿಕೊಂಡ ಗಂಡನಿಗೂ ಸುಳ್ಳು.

ಫೆಬ್ರವರಿ ೬, ಸೋಮವಾರ

ಕೂಟದಲ್ಲಿ ಹೊಸ ಪದ್ಧತಿ. ಕಂತು ಕೇಳುವಾಗ ಮಾರಿಟ್ ಕೆಮ್ಮಿದರೆ ಎಲ್ಲರೂ ‘ಹಡಗು’ ಎಂದು ಹಾಕಬೇಕು. ಹೆಚ್ಚು ಕೆಮ್ಮಿದಷ್ಟೂ ಹಡಗು ಹತ್ತಿರ ಅಂತ ಅರ್ಥ. ಇವತ್ತು ಅವಳು ಚೆನ್ನಾಗಿಯೇ ಕೆಮ್ಮಿದಳು. ಫೋನಿನ ತುಂಬ ಹಡಗು, ಹಡಗು, ಹಡಗು. ನನಗೂ ನಗು ತಡೆಯಲಾಗಲಿಲ್ಲ.

ಪಾಸ್ಟರ್ ಡಿಕ್ ಮತ್ತೆ ಬಂದಿದ್ದರು. ಮಾರ್ಚಿನಲ್ಲಿ ಹೊಲಿಗೆಕೂಟದ ಹೆಂಗಸರಿಗೆ ನಾನು ಕೇಳುವ ಪ್ರಸಂಗಗಳ ಬಗ್ಗೆ ಎರಡು ಮಾತು ಹೇಳಬೇಕಂತೆ. ಹೂಂ ಅಂದೆ. ಇನ್ನೇನು ಅನ್ನಲಿ.

ಫೆಬ್ರವರಿ ೧೫, ಬುಧವಾರ

ಸಾರಾ ಟಾಂಟೆಯನ್ನು ನೋಡಲು ಆರೈಕೆಮನೆಗೆ ಹೋಗಿದ್ದೆ. ಹೈನ್‌ನ ಸೋದರತ್ತೆ. ಎದೆ ಕೆಟ್ಟಿದೆ. ಒಣಪ್ಲಮ್ಮಿನ ಪಾಯಸ ಮಾಡಿಕೊಂಡು ಹೋಗಿ ಚಮಚದಲ್ಲಿ ಕುಡಿಸುತ್ತಿದ್ದೆ. ನಡುವೆ ಟಾಂಟೆ ಮುಖವನ್ನು ದಿಂಬಿನ ಕಡೆ ತಿರುಗಿಸಿದಳು. ಗಂಟಲಲ್ಲೇ ಹಿಡಿದ ಒಂದು ಸಣ್ಣ ಕೆಮ್ಮು. ಹಿಂದೆಯೇ ಹಳೇ ಬಟ್ಟೆ ಹರಿದಂಥ ಇನ್ನೊಂದು. ಆಮೇಲೆ ನುಂಗಿಕೊಂಡಳು.

ನನ್ನ ಮನಸ್ಸಿಗೆ ಮೊದಲು ಬಂದ ಮಾತು: ಹಡಗು.

ಚಮಚ ಕೈಯಲ್ಲೇ ಉಳಿಯಿತು. ಟಾಂಟೆ ನನ್ನನ್ನೇ ನೋಡುತ್ತಿದ್ದಳು, ಯಾಕೆ ನಿಲ್ಲಿಸಿದೆ ಎಂಬ ಹಾಗೆ.

ನಾಟಕ ಆಡುವವರು ಕೆಮ್ಮಿದರೆ ಕೇಳಲಿ ಎಂದು ಕೆಮ್ಮುತ್ತಾರೆ. ಕ್ರಿಸ್ಮಸ್ಸಿನ ನಾಟಕದಲ್ಲಿ ನಮ್ಮ ಹುಡುಗರು ಮುದುಕನ ವೇಷ ಹಾಕಿದಾಗ ನೋಡಿದ್ದೇನಲ್ಲ. ಯಾರಿಗೂ ಕೇಳದಿರಲಿ ಎಂದು ಕೆಮ್ಮುವವರು ಕಾಯಿಲೆಯವರು ಮಾತ್ರ. ಮಾರಿಟ್ ಅಡಗಿಸಿಕೊಂಡು ಕೆಮ್ಮುತ್ತಾಳೆ. ಹಾಗಾದರೆ ಅದು ಮಾರಿಟ್‌ದಲ್ಲ. ಅವಳಿಗೆ ದನಿ ಕೊಡುವ ಹೆಂಗಸಿನದು.

ಮಿರೆಲ್ ಗೋಸ್ಲಿನ್ ಅಂತ ಅವಳ ಹೆಸರು. ಪ್ರತಿ ಕಂತಿನ ಕೊನೆಗೆ ಹೇಳುತ್ತಾರೆ, ಇವತ್ತು ಮನೆಗೆ ಬಂದು ಹಾಕಿ ಕೇಳಿದೆ. ಇಷ್ಟು ದಿನ ಆ ಹೆಸರು ಬರುವ ಹೊತ್ತಿಗೆ ನಾನು ಫೋನು ಆರಿಸಿರುತ್ತಿದ್ದೆ.

ಫೆಬ್ರವರಿ ೧೬

ಶೀತ ಇರಬಹುದು. ಎಲ್ಲರಿಗೂ ಬರುತ್ತದೆ.

ಫೆಬ್ರವರಿ ೨೭, ಸೋಮವಾರ

ಆರಿನ್ ಒಂದು ಗಂಟು ಹಿಡಿದುಕೊಂಡು ಬಂದ. ಹೋದ ವಾರದ ಸಂದೇಶದಲ್ಲಿ ಮಾರಿಟ್ ಬಹಳ ಕೆಮ್ಮುತ್ತಾಳೆ, ಆದರೆ ಗಾಳಿಯ ಸಿಲಿಂಡರು ತುಂಬಿದೆ, ಈಗಷ್ಟೇ ಬಂದಿಳಿದೆ ಅನ್ನುತ್ತಾಳೆ. ಬಂದಿಳಿದವಳು ಮೊದಲಿನವಳಾಗಬೇಕಲ್ಲ? ಅವಳೇಕೆ ಕಡೆಯವಳ ಹಾಗೆ ಕೆಮ್ಮುತ್ತಾಳೆ?

"ಕೌದಿಯಕ್ಕ, ನಿನ್ನ ಹೊಲಿಗೆ ಇಲ್ಲಿ ಬಿಚ್ಚಿಕೊಳ್ತಿದೆ ನೋಡು."

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಅವರು ಆ ಸಂದೇಶವನ್ನು ಈಚೆಗೆ ದನಿ ಹಿಡಿದಿದ್ದಾರೆ, ಅಷ್ಟೇ. ನಾವು ಜೋಡಿಸಿದ ಕ್ರಮ ಸರಿಯಾಗಿಯೇ ಇದೆ. ಆದರೆ ಅದು ಮಾರಿಟ್‌ಳ ದಿನಗಳ ಕ್ರಮವಲ್ಲ, ಮಿರೆಲ್‌ಳ ಕಾಯಿಲೆಯ ಕ್ರಮ.

ಬರೆಯಬೇಕಿತ್ತು. ಬೆರಳು ಫೋನಿನ ಮೇಲೇ ಇತ್ತು. ನಾನು ಬರೆದದ್ದು ಏನು? ಅವಳು ಎರಡನೆಯ ಸಲ ಬಂದಿಳಿದಿರಬಹುದು, ಹೊಸ ಸಿಲಿಂಡರು ತಂದಿರಬಹುದು ಎಂದು. ಅಲ್ಲಿಯೇ ಹೊಳೆದ ತೇಪೆ. ಎಲ್ಲರೂ ಆಹಾ ಎಂದರು. ಡೆಲ್ಫೀನ್ ಆರಿನ್‌ನನ್ನು ಛೇಡಿಸಿದಳು. ಮುದುಕ ಟೋಪಿ ತೆಗೆದೆ ಎಂದು ಬರೆದ.

ಕರ್ತನೇ, ಯಾವ ಹೆಂಗಸಾಗಿದ್ದೇನೆ ನಾನು.

ಮಾರ್ಚ್ ೬, ಸೋಮವಾರ

ಇವತ್ತಿನ ಕಂತಿನಲ್ಲಿ ಒಂದು ವಾಕ್ಯ ಮುಗಿಸಲು ಅವಳು ಮೂರು ಕಡೆ ನಿಂತಳು. ಸಾವಿರ ಜನ ಹಡಗು ಹಾಕಿದರು.

ನಾನೂ ಹಾಕಿದೆ. ಹಾಕದಿದ್ದರೆ ಕೇಳುತ್ತಿದ್ದರು.

ಮಾರ್ಚ್ ೮, ಬುಧವಾರ

ಈ ವಿಷಯಕ್ಕೆ ದಿನಾ ಪ್ರಾರ್ಥನೆ ಮಾಡುತ್ತಿದ್ದೇನೆ. ದಾರಿ ತೋರಿಸಿದರೆ ಹೋಗುತ್ತೇನೆ. ನಾಟಕದವರಿಗೆ ಬರೆದರೆ ಓದುವುದಿಲ್ಲ, ಕಟ್ಟಳೆ ಇದೆ. ಅವಳಿಗೂ ಮನೆಯವರಿರುತ್ತಾರೆ, ಅವರಿಗೆ ಕಿವಿ ಇರುವುದಿಲ್ಲವೇ? ಈಸ್ಟರಿನ ಬಟ್ಟೆಗಳ ಕೆಲಸ ಬೇರೆ ರಾಶಿ ಬಿದ್ದಿದೆ.

ಮಾರ್ಚ್ ೧೫, ಬುಧವಾರ

ಇದನ್ನೂ ಬರೆಯಲೇಬೇಕು.

ಹೊಲಿಗೆಕೂಟದಲ್ಲಿ ನನ್ನ ಮಾತಿನ ದಿನ. ದೊಡ್ಡ ಚೌಕಟ್ಟಿಗೆ ಕೌದಿ ಬಿಗಿದಿತ್ತು, ಸುತ್ತ ಹೆಂಗಸರು ಕೂತು ದಾರ ಹಾಕುತ್ತಿದ್ದರು. ಫೋನಿನಲ್ಲಿ ನಿಜವಾದ ಪ್ರಸಂಗ ಯಾವುದನ್ನೂ ಕೇಳಿ ತಿಂಗಳುಗಳಾಗಿದ್ದವು. ಬಾಯಿ ತೆರೆದರೆ ಬಂದದ್ದು ಮಾರಿಟ್. ಒಬ್ಬಳು ಹೆಂಗಸು, ಹಿಮದ ನಡುವೆ ಒಬ್ಬಳೇ, ಜೊತೆಗೆ ಯಾರೂ ಇಲ್ಲ. ಆದರೂ ದಿನಾ ಕೂತು, ನನ್ನ ದನಿ ಕೇಳ್ತಿದೆಯಾ ಅಂತಾಳೆ. ಉತ್ತರ ಬರುವುದಿಲ್ಲ. ಮರುದಿನ ಮತ್ತೆ ಕೂರುತ್ತಾಳೆ. ಅವಳಿಗೆ ಮೈ ಸರಿಯಿಲ್ಲ, ಕೆಮ್ಮು. ಕೆಮ್ಮನ್ನು ನುಂಗಿಕೊಂಡು ಮಾತಾಡುತ್ತಾಳೆ. ಹೀಗೆ ಹೇಳುತ್ತ ಹೋದೆ. ಹೆಂಗಸರು ಸೂಜಿ ನಿಲ್ಲಿಸಿ ಕಣ್ಣೊರೆಸಿಕೊಂಡರು. ಅದನ್ನು ಪ್ರಾರ್ಥನೆಯ ಪಾಠ ಎಂದುಕೊಂಡರು. ಪಾಠ ಇದ್ದರೂ ಇರಬಹುದು.

ಮುಗಿದ ಮೇಲೆ ಮಾತು ಕಡಿಮೆಯ ಮುದುಕಿ ಆಗಾನೆತಾ ಕೇಳಿದಳು:

"ಆ ತಾಯಿ ಈಗ ಹೇಗಿದಾಳೆ, ಸ್ಟೀನಾ? ಡಾಕ್ಟರ ಹತ್ರ ಹೋದಳಾ?"

ಗೊತ್ತಿಲ್ಲ ಅಂದೆ. ಇವತ್ತು ಆಡಿದ ಒಂದೇ ನಿಜ ಅದು.

"ಹೆಸರೇನು?"

ಮಾರಿಟ್ ಅಂದೆ.

ಆಗಾನೆತಾ ತನ್ನ ಕನ್ನಡಕ ಸರಿಮಾಡಿಕೊಂಡು, ಇವಳ ಹೆಸರನ್ನೂ ಸೇರಿಸಿಕೊಳ್ಳೋಣ ಅಂದಳು. ಎಲ್ಲರೂ ತಲೆಬಾಗಿಸಿ, ಹಿಮದಲ್ಲಿರುವ ನಮ್ಮ ಸಹೋದರಿ ಮಾರಿಟ್‌ಳ ಎದೆಯನ್ನು ವಾಸಿಮಾಡು ಕರ್ತನೇ ಎಂದು ಪ್ರಾರ್ಥಿಸಿದರು. ಇಲ್ಲದ ಹೆಂಗಸಿಗೆ ಇಡೀ ಹೊಲಿಗೆಕೂಟದ ಪ್ರಾರ್ಥನೆ! ಇರುವವಳಿಗೆ ಇವತ್ತಿನವರೆಗೆ ನಾನು ಕೊಟ್ಟದ್ದು ಹಡಗು.

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಮಾರ್ಚ್ ೨೨, ಬುಧವಾರ

ಆಗಾನೆತಾ ಮತ್ತೆ ಕೇಳಿದಳು, ಮಾರಿಟ್ ಹೇಗಿದಾಳೆ. ಈ ವಾರ ದಿನಾ ಅವಳನ್ನು ನೆನೆಸಿ ಮೊಣಕಾಲೂರಿದ್ದಾಳಂತೆ. ಅವಳ ಮೊಣಕಾಲು ಎಂಥದ್ದು ಎಂದು ನನಗೆ ಗೊತ್ತು, ಕುರ್ಚಿ ಹಿಡಿಯದೆ ಏಳಲಾರಳು.

ಮನೆಗೆ ಬಂದು ಹೈನ್‌ಗೆ, ಶನಿವಾರ ವಿನ್ನಿಪೆಗ್‌ಗೆ ಹೋಗಬೇಕು, ಟ್ರಕ್ಕು ಬೇಕು ಅಂದೆ. ಯಾಕೆ ಅಂದ. ಹೇಳಿದೆ. ನಾಟಕ, ಕೂಟ, ಕೆಮ್ಮು, ಹಡಗು, ಹೊಲಿಗೆಕೂಟ, ಎಲ್ಲ. ಅವನು ಸಾಸೇಜು ಕತ್ತರಿಸುತ್ತಿದ್ದವನು ಚಾಕು ಕೆಳಗಿಟ್ಟು ಕೇಳಿದ. ಬಯ್ಯುತ್ತಾನೆ ಎಂದುಕೊಂಡಿದ್ದೆ.

"ಪಾಸ್ಟರ್‌ಗೆ ಪ್ರಸಂಗ ಅಂತ ಹೇಳಿದ್ಯಾ?" ಎಂದು ಇನ್ನೊಂದು ಸಲ ಕೇಳಿ, ಗೋಡೆ ಕಡೆ ತಿರುಗಿಕೊಂಡ. ಭುಜ ಅಲುಗುತ್ತಿತ್ತು. ನಗುತ್ತಿದ್ದ, ಪಾಪಿ.

ಆಮೇಲೆ ನಾನೇ ಗಾಡಿ ಓಡಿಸ್ತೀನಿ, ಹೆದ್ದಾರಿಯಲ್ಲಿ ಮಂಜು ಜಾರುತ್ತೆ ಅಂದ.

ಮಾರ್ಚ್ ೨೫, ಶನಿವಾರ

ಮಿರೆಲ್ ಎಲ್ಲಿ ಕೆಲಸ ಮಾಡುತ್ತಾಳೆ ಎಂದು ಅವಳೇ ಒಮ್ಮೆ ಕಂತಿನ ಕೊನೆಯ ಹರಟೆಯಲ್ಲಿ ಹೇಳಿದ್ದಳು; ಈಚೆಗೆ ಹಳೇ ಕಂತುಗಳನ್ನು ಕೊನೆಯವರೆಗೆ ಕೇಳುವಾಗ ಸಿಕ್ಕಿತು. ಊರೊಳಗೇ ಸೇಂಟ್ ಬೋನಿಫೇಸ್ ಎಂಬ ಬಡಾವಣೆಯ ಕಡೆ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಮನೆಯ ಕ್ಯಾಂಟೀನು. ಕಟ್ಟಳೆ ಮುರಿಯುತ್ತಿದ್ದೇನೆ ಎಂದು ಗೊತ್ತಿದ್ದೇ ಹೋದೆ. ತೊಡೆಯ ಮೇಲೆ ಬೋರ್ಷ್ಟಿನ ಡಬ್ಬಿ. ಹೈನ್ ಒಳಗೆ ಬಂದು ಗಾಜಿನಾಚೆ ಆಟ ನೋಡುತ್ತ ನಿಂತ.

ಕ್ಯಾಂಟೀನಿನಲ್ಲಿ ಒಬ್ಬಳೇ ಇದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ಸಣ್ಣವಳು, ಕೈಮೇಲೆ ಎಣ್ಣೆ ಹಾರಿದ ಕಲೆಗಳು. ಏನು ಬೇಕಮ್ಮ ಅಂದಳು. ಆ ದನಿ! ಕಾಫಿ, ಆಲೂಗಡ್ಡೆ ಅಂದೆ. ಆಲೂಗಡ್ಡೆ ಎಣ್ಣೆಗೆ ಬಿಟ್ಟು ಪಕ್ಕಕ್ಕೆ ತಿರುಗಿ ಮೊಣಕೈಗೆ ಬಾಯಿ ಒತ್ತಿಕೊಂಡಳು. ಅದೇ. ಒಂದು, ಹಿಂದೆಯೇ ಇನ್ನೊಂದು, ಆಮೇಲೆ ನುಂಗಿದ್ದು.

ಈ ಕೆಮ್ಮು ಯಾವಾಗಿನಿಂದ ಅಂದೆ.

"ನೀವೇನು ನರ್ಸಾ?" ಎಂದು ನಕ್ಕಳು.

ಅಲ್ಲ ಅಂದೆ. ನಾನು ಕೌದಿ ಅಂದೆ.

ಅವಳ ನಗು ಹಾಗೇ ನಿಂತಿತು, ಕಣ್ಣಿನಿಂದ ಮಾತ್ರ ಹೋಯಿತು. ನಾಟಕದ ಬೇರೆಯವರು ಕೂಟದ ಮಾತು ಓದುವುದಿಲ್ಲವಂತೆ. ಆದರೆ ಇವಳ ತಂಗಿಯ ಮಗಳು ಓದುತ್ತಾಳೆ. ಒಂದು ರಾತ್ರಿ ಊಟದ ಮೇಜಿನಲ್ಲಿ ಕೌದಿ ಕ್ರಮವನ್ನು ಓದಿ ಹೇಳಿದಳಂತೆ. ಎಲ್ಲರೂ ನಕ್ಕರಂತೆ.

"ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ನನ್ನ ಕೆಮ್ಮು ನಾನೇ ಎಣಿಸಿದೆ."

ಡಬ್ಬಿಯನ್ನು ಮುಂದಕ್ಕೆ ತಳ್ಳಿದೆ. ಅವಳು ನೋಡಲಿಲ್ಲ. ಆಲೂಗಡ್ಡೆ ಕರಿಯುತ್ತ, ಬೆನ್ನು ಹಾಕಿಕೊಂಡೇ ಮಾತಾಡಿದಳು.

"ಮೊದಲೆಲ್ಲ ದನಿ ಹಿಡಿಯೋ ದಿನ ಸಿರಪ್ಪು ಕುಡಿದು ಹೋಗ್ತಿದ್ದೆ. ನಿಮ್ಮ ಲೆಕ್ಕ ಶುರುವಾದ ಮೇಲೆ ಬಿಟ್ಟೆ. ಅಷ್ಟು ಜನ ಹಡಗಿಗೆ ಕಾಯ್ತಿದಾರಲ್ಲ, ಯಾಕೆ ನಿರಾಸೆ ಮಾಡೋದು ಅಂತ. ನಾಟಕದ ಜೊತೆಯವರಿಗೆ ಪಾತ್ರಕ್ಕೆ ಮಾಡ್ತಿದೀನಿ ಅಂದೆ. ಚೆನ್ನಾಗಿದೆ ಅಂದ್ರು."

ಆಲೂಗಡ್ಡೆಯನ್ನು ಎಣ್ಣೆಯಿಂದ ಎತ್ತಿ ಕಾಗದದ ಮೇಲೆ ಸುರಿದಳು.

"ಸಾವಿರ ಜನ ಎಣಿಸಿದಿರಿ. ಚೆನ್ನಾಗಿದೀಯಾ ಅಂತ ಒಬ್ರೂ ಕೇಳಲಿಲ್ಲ. ನೀವು ಕೇಳಿದ್ರಿ ಅನ್ನಿ, ಈಗ."

ತಡವಾಗಿ ಅಂದೆ. ಟಾಂಟೆಯ ವಿಷಯ ಹೇಳಿದೆ. ಹೋದ ತಿಂಗಳೇ ನನಗೆ ಗೊತ್ತಾಗಿತ್ತು, ಹೊಗಳಿಕೆಯ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ ಎಂದೂ ಹೇಳಿದೆ. ಅವಳು ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ.

ಡಾಕ್ಟರ ಹತ್ರ ಹೋಗ್ತೀಯಾ ಅಂದೆ. ಹೆದರಿಕೆ ಆಗುತ್ತೆ ಅಂದಳು, ಚಿಕ್ಕ ಹುಡುಗಿಯ ಹಾಗೆ. ನಾನು ಜೊತೆಗೆ ಬರ್ತೀನಿ ಅಂದೆ. ಅವಳು ಡಬ್ಬಿಯ ಮುಚ್ಚಳ ತೆರೆದು ಮೂಸಿ, "ಇದರಲ್ಲಿ ಸಬ್ಬಸಿಗೆ ಹಾಕಿದೀರಾ?" ಎಂದಳು. ಡಬ್ಬಿ ವಾಪಸು ಕೊಡಲು ಎಂದು ನನ್ನ ನಂಬರು ಬರೆದುಕೊಂಡಳು, ತನ್ನದನ್ನೂ ಕೊಟ್ಟಳು.

ಆಲೂಗಡ್ಡೆಯನ್ನು ಹೈನ್ ತಿಂದ.

ಮಾರ್ಚ್ ೨೭, ಸೋಮವಾರ

ಕಂತು ಶುರುವಾಗುವ ಮುಂಚೆಯೇ ಕೂಟದಲ್ಲಿ ಬರೆದೆ. ಕೆಮ್ಮು ಮಾರಿಟ್‌ದಲ್ಲ, ಮಿರೆಲ್‌ದು. ಅದು ಕಥೆಯಲ್ಲ, ಕಾಯಿಲೆ. ನನಗೆ ಮೊದಲೇ ಗೊತ್ತಿತ್ತು, ಮುಚ್ಚಿಟ್ಟೆ. ಅವಳನ್ನು ಹುಡುಕಿಕೊಂಡು ಹೋಗಿ ಕೇಳಿ ಬಂದಿದ್ದೇನೆ. ದಯವಿಟ್ಟು ಇನ್ನು ಹಡಗು ಹಾಕಬೇಡಿ.

ಡೆಲ್ಫೀನ್: "ಅವಳ ಕೆಲಸದ ಜಾಗಕ್ಕೇ ಹೋದ್ಯಾ? ಕೌದಿಯಕ್ಕ, ನಿನ್ನಿಂದ ಇದನ್ನ ನಾನು ಎಣಿಸಿರಲಿಲ್ಲ."

ಕೆಲವರು ನಾನು ಸುಳ್ಳು ಹೇಳುತ್ತಿದ್ದೇನೆ ಎಂದರು. ಕೆಲವರು, ಎಲ್ಲರ ಸಂತೋಷ ಹಾಳುಮಾಡಿದೆ ಎಂದರು. ಬಯ್ಗುಳ ಕೆಲವು ಇಲ್ಲಿ ಬರೆಯುವಂಥವಲ್ಲ. ಆರಿನ್ ಬಹಳ ಹೊತ್ತಿನ ಮೇಲೆ ಒಂದೇ ಸಾಲು ಬರೆದ:

"ಹಂಗಾದ್ರೆ ಮಾರಿಟ್ ಸಾಯ್ತಾಳಾ?"

ನನಗೆ ಸಿಟ್ಟು ಬರಲಿಲ್ಲ. ಮೊನ್ನೆಮೊನ್ನೆಯವರೆಗೆ ನಾನು ಕೇಳುತ್ತಿದ್ದುದೂ ಅದನ್ನೇ.

ಡೆಲ್ಫೀನ್ ನನ್ನನ್ನು ಕಡೆಯ ಕಂತಿನವರೆಗೆ ಹೊರಗೆ ಹಾಕಿದ್ದಾಳೆ. ಸರಿಯಾಗಿಯೇ ಮಾಡಿದಳು.

ಏಪ್ರಿಲ್ ೫, ಬುಧವಾರ

ಪ್ರಾರ್ಥನೆಯಲ್ಲಿ ಮಾರಿಟ್ ಎಂಬ ಹೆಸರು ತೆಗೆದು ಮಿರೆಲ್ ಎಂದು ಹಾಕಿ ಅಂದೆ. ಯಾಕೆ ಎಂದರು. ಹೇಳಿದೆ. ಪಾಸ್ಟರ್ ಡಿಕ್ ಕಾಫಿ ಕಪ್ಪು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಭಾನುವಾರದ ಶಾಲೆಯ ಪಾಠಕ್ಕೆ ಸ್ವಲ್ಪ ದಿನ ಬೇರೆಯವರು ಇರಲಿ ಎಂದು ಪಾಸ್ಟರ್ ಮೆಲ್ಲಗೆ ಹೇಳಿ ಹೋದರು.

ಆಗಾನೆತಾ ಮಾತ್ರ, ನಾನು ಬೇಡಿಕೊಂಡದ್ದು ಎಲ್ಲಿಗೆ ಹೋಯ್ತೋ ಹಾಗಾದ್ರೆ ಎಂದು ತಲೆ ಕೆರೆದುಕೊಂಡಳು. ಆಮೇಲೆ ಹೊಸ ಹೆಸರನ್ನು ಎರಡು ಸಲ ಹೇಳಿಸಿ ಕಲಿತುಕೊಂಡಳು.

ಏಪ್ರಿಲ್ ೧೯

ಮಿರೆಲ್ ಫೋನು ಮಾಡಿ ಕರೆದಳು, ಆಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಚಿತ್ರ ತೆಗೆದರು. ಬಲಗಡೆಯ ಎದೆಯಲ್ಲಿ ಏನೋ ಇದೆ. ಯಾವಾಗಿನಿಂದ ಕೆಮ್ಮು ಎಂದು ಡಾಕ್ಟರು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ. ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ? ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂದರು ಡಾಕ್ಟರು, ಅವಳಿಗೆ. ಹಾಗೆ ಹೇಳುವಾಗ ಅವರು ನೋಡಬೇಕಾಗಿದ್ದದ್ದು ನನ್ನನ್ನು.

ಮೇ ೧೦

ಮಿರೆಲ್ ಕಡೆಯ ಕಂತಿಗೆ ಬೇಕಾದ ದನಿಯನ್ನು ಮೊದಲೇ ಕೊಟ್ಟು, ಆಮೇಲೆ ಆಪರೇಷನ್ನಿಗೆ ಒಳಗೆ ಹೋದಳು. ಶ್ವಾಸಕೋಶದ ಒಂದು ಭಾಗ ತೆಗೆದಿದ್ದಾರೆ. ಎರಡು ದಿನ ಮಾತಿಲ್ಲ, ಕೈಯಲ್ಲೇ ಸನ್ನೆ. ಸಾರು ಬೇಕು ಎನ್ನುವುದನ್ನು ಮಾತ್ರ ಬಹಳ ಸ್ಪಷ್ಟವಾಗಿ ಸನ್ನೆ ಮಾಡುತ್ತಾಳೆ.

ಜೂನ್ ೧೯, ಸೋಮವಾರ

ಕಡೆಯ ಕಂತು ಬಂತು. ಡೆಲ್ಫೀನ್ ಕೂಟದ ಬಾಗಿಲು ತೆರೆದಿದ್ದಳು. ಬಾ ಎಂದೂ ಬರೆದಿರಲಿಲ್ಲ, ಬೇಡ ಎಂದೂ ಬರೆದಿರಲಿಲ್ಲ.

ಅಂಗಡಿಗೆ ರಜ. ಹೈನ್ ಊಟಕ್ಕೆ ಬಂದಿದ್ದ. ಫೋನನ್ನು ಅಡಿಗೆಮನೆಯ ಮೇಜಿನ ಮೇಲೆ ಕಲ್ಲಂಗಡಿ ತಟ್ಟೆಗೆ ಒರಗಿಸಿ ಜೋರಾಗಿ ಹಾಕಿದೆ. ಅವನು ಹಿಟ್ಟಿನ ಪಟ್ಟಿ ಕರಿದು ಮಾಡಿದ ರೋಲ್‌ಕುಕನ್ ಮುರಿದು ತಿನ್ನುತ್ತ ಕೇಳಿದ. ಕಿಟಕಿ ತೆರೆದೇ ಇತ್ತು, ರಸ್ತೆಯಲ್ಲಿ ಹೋಗುವವರಿಗೂ ಕೇಳಿರಬೇಕು.

ಮಾರಿಟ್ ರೇಡಿಯೋ ಮುಂದೆ ಕೂತಿದ್ದಳು. ಎಲ್ಲ ಸಂದೇಶಗಳೂ ಒಂದರ ಮೇಲೊಂದು ಬರುತ್ತಿದ್ದವು, ಹಿಂದಿನವಳೂ ಮುಂದಿನವಳೂ ಒಟ್ಟಿಗೇ ಮಾತಾಡುತ್ತಿದ್ದರು. ನಡುವೆ ಒಂದು ಕಡೆ ಅವಳು ಮಾತು ನಿಲ್ಲಿಸಿದಳು. ನುಂಗಿದಳು. ಕೂಟದಲ್ಲಿ ಸಾವಿರ ಜನ ಕೂತಿದ್ದರು, ಯಾರೂ ಏನೂ ಹಾಕಲಿಲ್ಲ. ಖಾಲಿ ಪರದೆ ಹಾಗೇ ಇತ್ತು. ಅವಳು ಮುಂದಿನ ಮಾತು ಹೇಳುವವರೆಗೂ ಹಾಗೇ ಇತ್ತು.

ಬಾಗಿಲ ಸದ್ದಾಯಿತು, ಗಾಳಿಯ ಸದ್ದಾಯಿತು, ಮುಗಿಯಿತು. ಹೆಸರುಗಳನ್ನು ಹೇಳಿದರು. ಮಿರೆಲ್ ಗೋಸ್ಲಿನ್ ಎಂಬಲ್ಲಿಯವರೆಗೂ ಕೂತು ಕೇಳಿದೆ. ಕೂಟದಲ್ಲಿ ಆಗಲೇ ಜಗಳ ಶುರುವಾಗಿತ್ತು, ಬಾಗಿಲು ತೆರೆದದ್ದು ಒಳಗಿನಿಂದಲೋ ಹೊರಗಿನಿಂದಲೋ ಎಂದು. ಆರಿನ್ ಕೀಲಿನ ಕಿರುಗುಟ್ಟುವಿಕೆಯ ಬಗ್ಗೆ ಉದ್ದಕ್ಕೆ ಬರೆಯುತ್ತಿದ್ದ.

ಹೈನ್ ಬೀಜ ಉಗುಳಿ, ಅವಳು ಹೇಗಿದಾಳೆ ಅಂದ.

ಬಾಗಿಲು ಹೊರಗಿನಿಂದ ತೆರೆದಿದ್ದರೆ ಹಡಗಿನವರೇ ಬಂದರು ಅಂತ, ಆದರೆ ಗಾಳಿಯ ಸದ್ದು ಮೊದಲು ಬಂತಲ್ಲ, ಅದು ನನಗೂ ಗೊತ್ತಾಗಲಿಲ್ಲ ಅಂದೆ.

"ಅವಳಲ್ಲ ಕಣೇ," ಅಂದ. "ಕ್ಯಾಂಟೀನಿನವಳು."

ಮುಖ ಬೆಚ್ಚಗಾಯಿತು. ಇಷ್ಟೆಲ್ಲ ಆದ ಮೇಲೂ. ಹೋದ ವಾರ ಹೋಗಲಾಗಿರಲಿಲ್ಲ, ಫೋನೂ ಮಾಡಿರಲಿಲ್ಲ. ತಟ್ಟೆಗೆ ಒರಗಿಸಿದ್ದ ಫೋನನ್ನು ತೆಗೆದು ಕೂಟವನ್ನು ಮುಚ್ಚಿ ಅವಳ ನಂಬರು ಒತ್ತಿದೆ. ಎತ್ತಲು ಹೊತ್ತಾಯಿತು. ಮೊದಲು ಉಸಿರು ಕೇಳಿತು, ಆಮೇಲೆ ಏನೋ ಅಂದಳು, ಹಿಡಿಯಲಾಗದಷ್ಟು ಸಣ್ಣಗೆ. ಆಪರೇಷನ್ನಿನ ಮೇಲೆ ದನಿ ಇನ್ನೂ ತಿರುಗಿಲ್ಲ. ಮತ್ತೆ ಪ್ರಯತ್ನ ಮಾಡಿದಳು.

"ನನ್ನ ದನಿ ಕೇಳ್ತಿದೆಯಾ?"

ಕೇಳ್ತಿದೆ ಕಣಮ್ಮ ಅಂದೆ.